‘ಅಪ್ರೂವ್ ಆಗಿದೆ’ ಅಂದ ಕೂಡಲೇ ಪೇಡಾ ಹಂಚಬೇಡಿ

ಹೋದ ವಾರ ಮುಂಬೈಯ ಮಾಟುಂಗಾದಲ್ಲಿ ಒಂದು ಮದುವೆ ಊಟ. ಪಕ್ಕದ ಎಲೆಯಲ್ಲಿ ಮುಲುಂಡಿನ ಒಬ್ಬ ಹುಡುಗ. ಹುಡುಗ ಅಂದರೆ ಮೂವತ್ತೈದರ ಆಸುಪಾಸು, ನನ್ನ ವಯಸ್ಸಿಗೆ ಅವರೆಲ್ಲ ಹುಡುಗರೇ. "ಅಂಕಲ್, ನಮ್ಮಕ್ಕಂಗೆ ಅಮೆರಿಕದ ಸಿಟಿಜನ್‌ಶಿಪ್ ಬಂತು. ನಮಗೆ ಗ್ರೀನ್ ಕಾರ್ಡಿಗೆ ಫೈಲ್ ಮಾಡ್ತಾಳಂತೆ. ಏಜೆಂಟ್ ಏಳೆಂಟು ವರ್ಷ ಅಂದ. ಮಗಳಿಗೆ ಈಗ ನಾಲ್ಕು, ಹೈಸ್ಕೂಲಿಗೆ ಅಲ್ಲೇ ಸೇರಿಸಬಹುದು ಅಲ್ವಾ?" ಎಂದ. ನನ್ನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷದ ಹಿಂದೆ ನಾನೂ ಹೀಗೇ ಬೆರಳೆಣಿಸಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಡೊಂಬಿವಲಿಯವರು. ಅಕ್ಕ ಮದುವೆಯಾಗಿ ನ್ಯೂಜೆರ್ಸಿಗೆ ಹೋದವಳು. ಸಿಟಿಜನ್ ಆದ ವರ್ಷವೇ, 2005ರ ನವೆಂಬರಿನಲ್ಲಿ, ನನ್ನ ಹೆಸರಿಗೆ ಐ-130, ಅಂದರೆ ಸಂಬಂಧಿಕರನ್ನು ಕರೆಸಿಕೊಳ್ಳುವ ಅರ್ಜಿ ಹಾಕಿದಳು. ಒಡಹುಟ್ಟಿದವರಿಗೆ ಇರುವುದು ಎಫ್4 ಅನ್ನುವ ವರ್ಗ. ಗ್ರೀನ್ ಕಾರ್ಡ್ ಇದ್ದರೆ ಸಾಲದು. ಅಕ್ಕ ಅಥವಾ ಅಣ್ಣ ಸಿಟಿಜನ್ ಆಗಿರಬೇಕು, 21 ವರ್ಷ ತುಂಬಿರಬೇಕು. ಆಗ ನನ್ನ ಮಗಳಿಗೆ ಆರೂವರೆ ವರ್ಷ, ಮಗನಿಗೆ ಒಂದೂ ತುಂಬಿರಲಿಲ್ಲ.

ಅರ್ಜಿ ಹಾಕಿದ್ದು ಅಕ್ಕ, ಫೀ ಕಟ್ಟಿದ್ದೂ ಅಕ್ಕ. ನಾನು ಸುಮ್ನೆ ಕೂರಬಹುದಿತ್ತು. ಕೂರಲಿಲ್ಲ. ಯಾರೋ ಹೇಳಿದರು ಅಂತ ಸ್ಟೇಷನ್ ಹತ್ತಿರದ ಒಬ್ಬ ವೀಸಾ ಏಜೆಂಟ್ ಬಳಿ ಹೋದೆ. ಏಸಿ ರೂಮು, ಗೋಡೆ ತುಂಬ ಲಿಬರ್ಟಿ ಪ್ರತಿಮೆಯ ಪೋಸ್ಟರು. "ಆರು ವರ್ಷ ಸಾಬ್, ಜಾಸ್ತಿ ಅಂದ್ರೆ ಏಳು. ಫೈಲ್ ಪುಶ್ ಮಾಡಿಸ್ತೀವಿ" ಎಂದ. ಕಂತು ಕಂತಾಗಿ ಅವನಿಗೆ 85 ಸಾವಿರ ಕೊಟ್ಟೆ. ಆ ಕಾಲದ 85 ಸಾವಿರ. ಅವನು ಏನು ಪುಶ್ ಮಾಡಿಸಿದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಐ-130ಗೆ ದುಡ್ಡು ಕಟ್ಟಿ ಬೇಗ ಮಾಡಿಸುವ ಪ್ರೀಮಿಯಂ ಪ್ರೊಸೆಸಿಂಗ್ ಅನ್ನುವುದೇ ಇಲ್ಲ.

2009ರ ಜೂನಿನಲ್ಲಿ ಅಕ್ಕನಿಗೆ ಅಪ್ರೂವಲ್ ಪತ್ರ ಬಂತು. ಏಜೆಂಟ್ ತಾನೇ ಮಾಡಿಸಿದ್ದು ಅನ್ನೋ ಹಾಗೆ ಫೋನ್ ಮಾಡಿದ. ಮಳೆ ಸುರಿಯುತ್ತಿತ್ತು. ಛತ್ರಿ ಹಿಡಿದು ಹೋಗಿ ಎರಡು ಕಿಲೋ ಪೇಡಾ ತಂದು ಬಿಲ್ಡಿಂಗಿನ ನಾಲ್ಕೂ ಮಹಡಿಗೆ ಹಂಚಿದೆವು. ಅಮ್ಮ ದೇವರ ಮುಂದೆ ಪತ್ರದ ಜೆರಾಕ್ಸ್ ಇಟ್ಟಳು. ಆ ಪತ್ರದಲ್ಲಿ ಇದ್ದದ್ದು ಇಷ್ಟೇ: ಇವರಿಬ್ಬರೂ ನಿಜವಾಗಿ ಅಕ್ಕ-ತಮ್ಮ ಹೌದು, ಫೈಲನ್ನು ನ್ಯಾಷನಲ್ ವೀಸಾ ಸೆಂಟರಿಗೆ ಕಳಿಸಿದ್ದೇವೆ. ವೀಸಾ ಕೊಡುತ್ತೇವೆ ಅಂತ ಒಂದಕ್ಷರವೂ ಇರಲಿಲ್ಲ.

ಕಾಯುವುದು ಶುರುವಾಗುವುದು ಎಲ್ಲಿ ಅಂತ ಈಗ ಹೇಳುತ್ತೇನೆ, ಏಜೆಂಟರು ಇದನ್ನು ಹೇಳುವುದಿಲ್ಲ. ಅರ್ಜಿ ಅವರ ಕೈ ಸೇರಿದ ದಿನಕ್ಕೆ ಪ್ರಯಾರಿಟಿ ಡೇಟ್ ಅನ್ನುತ್ತಾರೆ. ರೇಷನ್ ಅಂಗಡಿ ಕ್ಯೂನಲ್ಲಿ ಚೀಲ ಇಟ್ಟ ಹಾಗೆ, ಅದೇ ನಿಮ್ಮ ಜಾಗ. ಎಫ್4ಗೆ ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ. ಅದರಲ್ಲಿ ಗಂಡ, ಹೆಂಡತಿ, ಮಕ್ಕಳ ತಲೆಯೂ ಎಣಿಕೆಗೆ ಬರುತ್ತದೆ. ನಾವು ನಾಲ್ವರು ಅಂದರೆ ನಾಲ್ಕು ವೀಸಾ ಖರ್ಚು. ಅದರ ಮೇಲೆ, ಯಾವ ಒಂದು ದೇಶಕ್ಕೂ ಶೇ 7ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ನಮ್ಮ ದೇಶದಿಂದ ಕ್ಯೂ ಎಷ್ಟು ಉದ್ದ ಇರಬಹುದು, ನೀವೇ ಯೋಚಿಸಿ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್ ಅಂತ ಬಿಡುತ್ತದೆ. ಅದರಲ್ಲಿ ಎಫ್4 ಸಾಲು, ಇಂಡಿಯಾ ಕಾಲಂ ನೋಡಿದರೆ ಇವತ್ತು ಯಾವ ತಾರೀಕಿನವರಿಗೆ ಪಾಳಿ ಬಂದಿದೆ ಅಂತ ಗೊತ್ತಾಗುತ್ತದೆ. 2024ರಲ್ಲಿ ಅದು 2005-06ರ ಅರ್ಜಿಗಳ ಹತ್ತಿರ ಇತ್ತು. ಲೆಕ್ಕ ಹಾಕಿಕೊಳ್ಳಿ. ಇದು ಪುಕ್ಕಟೆ, ಮೊಬೈಲಲ್ಲೇ ಕಾಣುತ್ತದೆ. ನಾನು ಮೊದಲ ಸಲ ಅದನ್ನು ತೆರೆದದ್ದು 2012ರಲ್ಲಿ, ಏಜೆಂಟ್ ಆಫೀಸು ಖಾಲಿ ಮಾಡಿಕೊಂಡು ಹೋದ ಮೇಲೆ.

ತಾರೀಕು ತಿಂಗಳಿಗೆ ತಿಂಗಳು ಮುಂದೆ ಹೋಗುತ್ತದೆ ಅಂತಲೂ ಇಲ್ಲ. ಒಮ್ಮೊಮ್ಮೆ ವಾರದಷ್ಟು ಜರಗುತ್ತದೆ, ಒಮ್ಮೊಮ್ಮೆ ಹಿಂದಕ್ಕೇ ಹೋಗುತ್ತದೆ. 2022-23ರಲ್ಲಂತೂ ನಮ್ಮ ಕಾಲಂ ತಿಂಗಳುಗಟ್ಟಲೆ 2005ರ ಸೆಪ್ಟೆಂಬರಿನಲ್ಲೇ ಕೂತಿತ್ತು. ನಮ್ಮದು ನವೆಂಬರ್. ಎರಡೇ ತಿಂಗಳ ದೂರ! ಪ್ರತಿ ತಿಂಗಳು ಹೆಂಡತಿ "ಏನಾಯ್ತು?" ಅಂತ ಕೇಳುವಳು, ನಾನು ತಲೆ ಅಲ್ಲಾಡಿಸುವೆ. ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು.

ಕಾದದ್ದಕ್ಕಿಂತ ಹೆಚ್ಚು ಕೆಟ್ಟದ್ದು ಕಾಯುತ್ತಾ ನಾವು ಬದುಕಿದ ರೀತಿ. 2010ರಲ್ಲಿ ಎದುರಿನ ಬಿಲ್ಡಿಂಗಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೈಗೆಟಕುವ ಬೆಲೆಗೆ ಬಂದಿತ್ತು. "ಹೋಗೋದೇ ಆದ್ರೆ ಯಾಕೆ ಸಾಲ?" ಅಂತ ಬಿಟ್ಟೆವು. ಆಫೀಸಿನವರು ಪುಣೆಗೆ ಪ್ರಮೋಷನ್ ಕೊಟ್ಟು ಕಳಿಸುತ್ತೇವೆ ಎಂದಾಗ ಬೇಡ ಅಂದೆ. ಇಬ್ಬರು ಮಕ್ಕಳು, ಅಮ್ಮ, ನಾವಿಬ್ಬರು ಒಂದು ರೂಮು-ಕಿಚನ್ನಿನಲ್ಲಿ. ಮಗಳು ಹತ್ತನೇ ಕ್ಲಾಸಿಗೆ ಓದಿದ್ದು ಅಡುಗೆಮನೆಯಲ್ಲಿ, ಕುಕ್ಕರ್ ಕೂಗು ನಿಂತ ಮೇಲೆ. ಸಂಬಂಧ ಕೇಳಿಕೊಂಡು ಬಂದವರಿಗೂ, 2022ರಲ್ಲಿ, "ಒಂದು ವರ್ಷ ತಡೀರಿ" ಎಂದೆವು. ಯಾಕೆಂದರೆ ಮದುವೆಯಾದ ಮಗಳ ಹೆಸರು ಅಪ್ಪ-ಅಮ್ಮನ ಫೈಲಿನಲ್ಲಿ ಉಳಿಯುವುದಿಲ್ಲ. ಅವರು ತಡೆಯಲಿಲ್ಲ. ಅವರದೇನೂ ತಪ್ಪಿಲ್ಲ.

ಇನ್ನೊಂದು ಹೇಳಬೇಕು, ಬರೆಯೋಕೇ ನಾಚಿಕೆ. 2017ರಲ್ಲಿ ಅಕ್ಕನಿಗೆ ಹೃದಯದ ಆಪರೇಷನ್ ಆಯಿತು. ಭಾವ ಫೋನ್ ಮಾಡಿದಾಗ ನನ್ನ ತಲೆಗೆ ಮೊದಲು ಬಂದದ್ದು ಫೈಲ್. ಅರ್ಜಿ ಹಾಕಿದವರು ತೀರಿಕೊಂಡರೆ ಅರ್ಜಿ ತಾನಾಗಿ ರದ್ದಾಗುತ್ತದೆ. ಮಾನವೀಯ ಕಾರಣಕ್ಕೆ ಮತ್ತೆ ಜೀವ ಕೊಡಿ ಅಂತ ಕೇಳಿಕೊಳ್ಳಬಹುದು ಅಷ್ಟೇ, ಕೊಟ್ಟೇ ಕೊಡುತ್ತಾರೆ ಅಂತಿಲ್ಲ. ಒಡಹುಟ್ಟಿದವಳ ಎದೆ ಸೀಳಿರುವಾಗ ಕಾಗದ ನೆನಪಾಗುವಂತೆ ಮಾಡಿತಲ್ಲ ಈ ಕ್ಯೂ, ಅದನ್ನು ನಾನು ಮರೆಯುವುದಿಲ್ಲ. ಅಕ್ಕ ಹುಷಾರಾದಳು. ಅವಳಿಗೆ ಇದನ್ನು ಹೇಳಿಲ್ಲ.

ಈಗ ಮಗಳ ವಿಷಯ. ಎಫ್4ನಲ್ಲಿ ಮಕ್ಕಳು ಜೊತೆಗೆ ಬರಬೇಕಾದರೆ ಮದುವೆ ಆಗಿರಬಾರದು, 21ರ ಒಳಗಿರಬೇಕು. ಹತ್ತೊಂಬತ್ತು ವರ್ಷ ಕಾದರೆ ಯಾವ ಮಗು 21ರ ಒಳಗಿರುತ್ತದೆ? ಅದಕ್ಕೆ 2002ರಲ್ಲಿ ಒಂದು ಕಾನೂನು ಮಾಡಿದ್ದಾರೆ, ಚೈಲ್ಡ್ ಸ್ಟೇಟಸ್ ಪ್ರೊಟೆಕ್ಷನ್ ಆ್ಯಕ್ಟ್, ಸಿಎಸ್‌ಪಿಎ ಅಂತ. ಪಾಳಿ ಬಂದ ದಿನ ಮಗುವಿನ ವಯಸ್ಸು ಎಷ್ಟೋ, ಅದರಲ್ಲಿ ಅರ್ಜಿ ಅಪ್ರೂವ್ ಆಗದೆ ಅವರ ಮೇಜಿನ ಮೇಲೆ ಬಿದ್ದಿದ್ದ ಕಾಲವನ್ನು ಕಳೆಯಬೇಕು. ಉಳಿದದ್ದು 21ಕ್ಕಿಂತ ಕಡಿಮೆ ಇದ್ದರೆ ಮಗು ಬರಬಹುದು. ನಾವು ಕ್ಯೂನಲ್ಲಿ ನಿಂತ ಕಾಲ ಕಳೆಯುವುದಿಲ್ಲ, ಅವರು ಫೈಲ್ ನೋಡದೆ ಇಟ್ಟುಕೊಂಡ ಕಾಲ ಮಾತ್ರ.

ನಮಗೆ ಇದು ಗೊತ್ತಾದದ್ದು ತಡವಾಗಿ. 2022ರಲ್ಲಿ ವೀಸಾ ಸೆಂಟರಿನಿಂದ ಫೀ ಕಟ್ಟಿ ಅಂತ ಪತ್ರ ಬಂದಾಗ ಕಣ್ಣು ಮುಚ್ಚಿ ಕಟ್ಟಿದೆವು. ಅಕ್ಕ ನಮ್ಮ ಖರ್ಚಿಗೆ ಹೊಣೆ ಅಂತ ಬರೆದುಕೊಡುವ ಸ್ಪಾನ್ಸರ್ ಕಾಗದಕ್ಕೆ 120 ಡಾಲರ್, ತಲೆಗೆ 325ರ ಹಾಗೆ ನಾಲ್ವರಿಗೆ 1,300. ಪತ್ರ ಬಂದರೆ ಪಾಳಿ ಬಂತು ಅಂತಲ್ಲ, ಕಾಗದ ಸಿದ್ಧ ಮಾಡಿಟ್ಟುಕೊಳ್ಳಿ ಅಂತ ಅಷ್ಟೇ. ನಿಜವಾದ ಪಾಳಿ ಬಂದದ್ದು 2024ರ ಬೇಸಿಗೆಯಲ್ಲಿ. ಆ ಭಾನುವಾರ ರಾತ್ರಿ ಅಕ್ಕ ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡಿದಳು. ವಕೀಲರ ಹತ್ತಿರ ಹೋಗಿ ಬಂದಿದ್ದಳು. ಕನ್ನಡಕ ಮೂಗಿನ ತುದಿಗೆ, ಕೈಯಲ್ಲಿ ಒಂದು ಹಳೇ ಲಕೋಟೆ. ಅದರ ಹಿಂಭಾಗದಲ್ಲಿ ಕೂಡಿಸಿ ಕಳೆದ ಲೆಕ್ಕವನ್ನು ಕ್ಯಾಮೆರಾಕ್ಕೆ ಹಿಡಿದಳು. ಮಗಳಿಗೆ 25 ದಾಟಿದೆ. ಅರ್ಜಿ ಬಿದ್ದಿದ್ದದ್ದು 3 ವರ್ಷ 7 ತಿಂಗಳು. ಕಳೆದರೆ 21 ದಾಟಿ ಅರ್ಧ ವರ್ಷ.

"ಅರ್ಧ ವರ್ಷ ಕಣೋ" ಎಂದಳು. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ಅಂದರೆ 2009ರಲ್ಲಿ ಆ ಅಪ್ರೂವಲ್ ಇನ್ನೊಂದು ವರ್ಷ ತಡವಾಗಿ ಬಂದಿದ್ದರೆ ನನ್ನ ಮಗಳು ಲೆಕ್ಕದೊಳಗೆ ಇರುತ್ತಿದ್ದಳು. ನಾವು ಮಳೆಯಲ್ಲಿ ನೆನೆದು ಪೇಡಾ ಹಂಚಿದ್ದು ಅವಳ ಹೆಸರು ಹೋದದ್ದಕ್ಕೆ. 2022-23ರಲ್ಲಿ ತಾರೀಕು ಕೂತಲ್ಲೇ ಕೂರದೆ ಸ್ವಲ್ಪ ಜರಗಿದ್ದರೂ ಆಗುತ್ತಿತ್ತು. ಹಳೇ ಪ್ರಯಾರಿಟಿ ಡೇಟಾದರೂ ಅವಳಿಗೆ ಉಳಿಯುತ್ತದಾ ಅಂತ ಕೇಳಿದೆ. ಇಲ್ಲ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎಫ್4ನಲ್ಲಿ ವಯಸ್ಸು ಮೀರಿದ ಮಕ್ಕಳಿಗೆ ಆ ಬಾಗಿಲನ್ನೂ ಮುಚ್ಚಿದೆ. ನಾವು ಹೋಗಿ ಗ್ರೀನ್ ಕಾರ್ಡ್ ಪಡೆದು ಅವಳಿಗೆ ಹೊಸದಾಗಿ ಅರ್ಜಿ ಹಾಕಬಹುದು. ಅದು ಬೇರೆ ಕ್ಯೂ, ಮತ್ತೆ ವರ್ಷಗಟ್ಟಲೆ, ಅಷ್ಟೂ ಕಾಲ ಅವಳು ಮದುವೆ ಆಗುವಂತಿಲ್ಲ. ಅವಳ ಹೆಸರಿಗೆ ಕಟ್ಟಿದ 325 ಡಾಲರ್ ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ದೊಡ್ಡ ಮಕ್ಕಳಿದ್ದರೆ ಫೀ ಕಟ್ಟುವ ಮೊದಲು ಈ ಕಳೆಯುವ ಲೆಕ್ಕ ಮಾಡಿಸಿಕೊಳ್ಳಿ.

ನಡುವೆ ಒಂದು ಮಾತು, ಟೂರಿಸ್ಟ್ ವೀಸಾ ಬಗ್ಗೆ. 2014ರಲ್ಲಿ ಅಕ್ಕನ ಮಗಳ ಮದುವೆಗೆ ಹೋಗೋಣ ಅಂತ ಅರ್ಜಿ ಹಾಕಿದೆವು. ಡಿಎಸ್-160 ಫಾರ್ಮಿನಲ್ಲಿ ನಿಮಗಾಗಿ ಯಾರಾದರೂ ಇಮಿಗ್ರೆಂಟ್ ಅರ್ಜಿ ಹಾಕಿದ್ದಾರಾ ಅಂತ ಪ್ರಶ್ನೆ ಇದೆ. ಫಾರ್ಮ್ ತುಂಬಿಸುವವನು "ನೋ ಅಂತ ಹಾಕಿ, ಯಾರು ನೋಡ್ತಾರೆ" ಎಂದ. ಅವರ ಹತ್ತಿರವೇ ಫೈಲ್ ಇದೆ, ಅವರು ನೋಡದೆ ಇರುತ್ತಾರಾ? ನಾವು ಯೆಸ್ ಎಂದೇ ಹಾಕಿದೆವು. ಮುಂಬೈಯ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟಿನಲ್ಲಿ ಎರಡು ನಿಮಿಷದಲ್ಲಿ ರಿಜೆಕ್ಟ್. ಮದುವೆಗೆ ಹೋಗುವುದು ತಪ್ಪಿತು. ಆದರೆ ಸುಳ್ಳು ಹಾಕಿ ಸಿಕ್ಕಿಬಿದ್ದಿದ್ದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದಿತ್ತು. ಹಾಗೇ ‘ಗ್ರೀನ್ ಕಾರ್ಡ್ ಲಾಟರಿ ಹೊಡೆದಿದೆ’ ಅಂತ ಈಮೇಲ್ ಬಂದರೆ ತೆರೆಯಲೂ ಹೋಗಬೇಡಿ. ಭಾರತದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಆ ಲಾಟರಿಯೇ ಇಲ್ಲ.

ನಮ್ಮ ಫೈಲ್ ಈಗಲೂ ವೀಸಾ ಸೆಂಟರಿನಲ್ಲಿದೆ. ವರ್ಷಕ್ಕೊಮ್ಮೆಯಾದರೂ ಅವರಿಗೆ ಬರೆಯುತ್ತಿರಬೇಕು, ಇಲ್ಲದಿದ್ದರೆ ಮುಚ್ಚಿಬಿಡುತ್ತಾರೆ. ಬರೆಯುತ್ತಿದ್ದೇನೆ. ಮಗನ ವಯಸ್ಸಿಗೆ ತೊಂದರೆ ಇಲ್ಲ, ಆದರೆ ಇಂಜಿನಿಯರಿಂಗ್ ಮುಗಿಯಲಿ ಅನ್ನುತ್ತಾನೆ. ಮಗಳು ಐರೋಲಿಯಲ್ಲಿ ಕೆಲಸ ಮಾಡುತ್ತಾಳೆ, "ನೀವು ಹೋಗಿ ಪಪ್ಪಾ, ನಾನಿರ್ತೀನಿ" ಅನ್ನುತ್ತಾಳೆ. ಅವಳು ಹಾಗೆ ಅಂದಾಗಲೆಲ್ಲ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಅಮ್ಮ ತೀರಿಕೊಂಡು ಆರು ವರ್ಷ ಆಯಿತು. ನನಗೆ ಐವತ್ತಾರು. ಅಲ್ಲಿ ಹೋಗಿ ನಾನೇನು ಮಾಡಲಿ?

ಮಾಟುಂಗಾದ ಪಂಕ್ತಿಯಲ್ಲಿ ಇದನ್ನೆಲ್ಲ ಹೇಳಲಾಗಲಿಲ್ಲ, ಮಜ್ಜಿಗೆ ಬರುವ ಹೊತ್ತಿಗೆ ಅರ್ಧ ಹೇಳಿದ್ದೆ. "ಹಾಗಾದ್ರೆ ಅಕ್ಕ ಫೈಲ್ ಮಾಡೋದೇ ಬೇಡ್ವಾ?" ಎಂದ. ಮಾಡಲಿ, ಈ ವಾರವೇ ಮಾಡಲಿ ಎಂದೆ. ಚೀಲ ಇಟ್ಟ ದಿನಕ್ಕೇ ಬೆಲೆ. ಇಟ್ಟು ಮರೆತುಬಿಡು. ಮನೆ ತಗೋ, ಪ್ರಮೋಷನ್ ತಗೋ. ನನ್ನಷ್ಟೇ ಕಾದರೂ ನಿನ್ನ ನಾಲ್ಕರ ಮಗಳಿಗೆ ಆಗ ಇಪ್ಪತ್ತಮೂರು, ಅವಳನ್ನು ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಡ. ಅರ್ಜಿ ನಿನ್ನಕ್ಕನೇ ಅಲ್ಲಿ ಹಾಕುತ್ತಾಳೆ, ಏಜೆಂಟಿಗೆ ಇಲ್ಲಿ ಏನೂ ಕೆಲಸ ಇಲ್ಲ, ಒಂದು ಪೈಸೆ ಕೊಡಬೇಡ.

ಅವನು ಎಲೆ ಮಡಚುತ್ತಾ ಕೂತಿದ್ದ. ಆಮೇಲೆ ಮೆಲ್ಲಗೆ, ಇಪ್ಪತ್ತು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ ಅಂಕಲ್, ಎಂದ.