ರೆಂಡರ್ ಹಾಕಿದ್ರೆ ಸಿಸ್ಟಂ ಹ್ಯಾಂಗ್ ಆಗುತ್ತಾ? ಪ್ರೊಸೆಸ್ ಲಾಸೊ ಹಾಕಿ ನೋಡಿ

ಮದುವೆ ಸೀಸನ್ ಬಂತೆಂದರೆ ಮಂಡ್ಯದ ಸ್ಟುಡಿಯೋಗಳಲ್ಲಿ ಒಂದೇ ಕಂಪ್ಯೂಟರ್‌ನಲ್ಲಿ ವಿಡಿಯೊ ರೆಂಡರೂ (ಎಡಿಟ್ ಮಾಡಿದ್ದನ್ನ ಕೊನೆಯ ಫೈಲ್ ಮಾಡೋದು) ಆಗಬೇಕು, ಆಲ್ಬಂ ಡಿಸೈನೂ ನಡೀಬೇಕು. ರೆಂಡರ್ ಬೇಗ ಮುಗೀಲಿ ಅಂತ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಅದರ ಪ್ರಯಾರಿಟಿಯನ್ನ, ಅಂದ್ರೆ ಸಿಪಿಯು ಯಾರಿಗೆ ಮೊದಲು ಸಿಗಬೇಕು ಅನ್ನೋ ಆದ್ಯತೆಯನ್ನ, ಎಲ್ಲಕ್ಕಿಂತ ಮೇಲಿನ ರಿಯಲ್‌ಟೈಮ್‌ಗೆ ಏರಿಸ್ತಾರೆ. ಆಮೇಲೆ ಮೌಸ್ ಕೂಡ ಅಲ್ಲಾಡಲ್ಲ. ಇಂಥ ಕಡೆ ಬಿಟ್‌ಸಮ್ ಕಂಪನಿಯ ಪ್ರೊಸೆಸ್ ಲಾಸೊ ಅನ್ನೋ ಸಾಫ್ಟ್‌ವೇರ್ ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಇದು ಹೊಟ್ಟೆಬಾಕ ಪ್ರೋಗ್ರಾಂನ ಪ್ರಯಾರಿಟಿಯನ್ನ ಇಳಿಸುತ್ತೆ.

ವಿಂಡೋಸ್‌ನಲ್ಲಿ ಪ್ರಯಾರಿಟಿಗೆ 0ಯಿಂದ 31ರವರೆಗೆ ಮಟ್ಟಗಳಿವೆ. ನಾರ್ಮಲ್ ಅಂದ್ರೆ 8, ಹೈ 13, ರಿಯಲ್‌ಟೈಮ್ 24. ಮೇಲಿನ ಮಟ್ಟದ ಥ್ರೆಡ್‌ಗೆ (ಪ್ರೋಗ್ರಾಂನೊಳಗಿನ ಒಂದು ಕೆಲಸದ ಎಳೆ) ಕೆಲಸ ಇರೋವರೆಗೆ ಅದೇ ಕೋರ್ (ಸಿಪಿಯು ಒಳಗಿನ ಒಂದು ಘಟಕ) ಕಾಯ್ತಿರೋ ಕೆಳಗಿನದಕ್ಕೆ ಸರದಿ ಬರಲ್ಲ. ಸುಮಾರು 4 ಸೆಕೆಂಡ್ ಕಾದು ಕೂತ ಥ್ರೆಡ್‌ಗೆ ವಿಂಡೋಸ್ ಸ್ವಲ್ಪ ಹೊತ್ತು 15ರ ಮಟ್ಟ ಕೊಡುತ್ತೆ. ರೆಂಡರ್ ಹೈನಲ್ಲಿದ್ರೆ ಅಷ್ಟರಿಂದ ಹೇಗೋ ನಡೆಯುತ್ತೆ. ಆದ್ರೆ 24ರಲ್ಲಿ ಕೂತು ಎಲ್ಲಾ ಕೋರ್‌ಗಳನ್ನೂ ಹಿಡಿದಿದ್ರೆ 15 ಇದ್ದೂ ಪ್ರಯೋಜನವಿಲ್ಲ. ಡಿಸ್ಕ್‌ಗೆ ಬರೀಬೇಕಾದ ಡೇಟಾ ಕೂಡ ಮೆಮೊರಿಯಲ್ಲೇ ಉಳಿದಿರಬಹುದು. ಆ ಹೊತ್ತಲ್ಲಿ ಪವರ್ ಬಟನ್ ಒತ್ತಿ ಹಿಡಿದ್ರೆ ಫೈಲೇ ಕೆಡಬಹುದು. ರಿಯಲ್‌ಟೈಮ್ ಆಯ್ಕೆಯನ್ನ ಮುಟ್ಟಲೇಬೇಡಿ.

ಲಾಸೊದ ಪ್ರೊಬ್ಯಾಲೆನ್ಸ್ ಅನ್ನೋ ಸೌಲಭ್ಯ, ಸಿಪಿಯು ಮೇಲೆ ಹೊರೆ ಹೆಚ್ಚಾದಾಗ ಹಿನ್ನೆಲೆಯಲ್ಲಿ ಸಿಪಿಯು ತಿನ್ನೋ ಪ್ರೋಗ್ರಾಂನ ಪ್ರಯಾರಿಟಿ ಇಳಿಸಿ, ಆಮೇಲೆ ಮೊದಲಿದ್ದ ಹಾಗೇ ಇಡುತ್ತೆ. ಇದು ಉಚಿತ ಆವೃತ್ತಿಯಲ್ಲೂ ಇದೆ. ಒಂದು ಕೊರತೆ: ಪರದೆಯ ಮುಂದಿರೋ ವಿಂಡೋವನ್ನ ಅದು ತಾನಾಗಿ ಮುಟ್ಟಲ್ಲ. ಎಡಿಟಿಂಗ್ ವಿಂಡೋ ಮುಂದೇ ಇದ್ರೆ ನಾವೇ ಹೇಳಬೇಕು. ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಪಿಯು ಪ್ರಯಾರಿಟಿಯಲ್ಲಿ ಆಲ್ವೇಸ್, ಬಿಲೋ ನಾರ್ಮಲ್ ಕೊಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಕೊಟ್ಟಿದ್ದು ಪ್ರೋಗ್ರಾಂ ಮುಚ್ಚಿದ ಕೂಡಲೇ ಹೋಗುತ್ತೆ, ಇಲ್ಲಿ ಕೊಟ್ಟಿದ್ದು ಉಳಿಯುತ್ತೆ.

ರೆಂಡರ್ ನಿಧಾನ ಆಗುತ್ತೇನೋ ಅನ್ನೋ ಭಯ ಬೇಡ. ಬೇರೆ ಯಾರೂ ಸಿಪಿಯು ಕೇಳದಿದ್ದಾಗ ಬಿಲೋ ನಾರ್ಮಲ್‌ಗೂ ಪೂರ್ತಿ ಸಿಗುತ್ತೆ. ರಾತ್ರಿ ಹಾಕಿ ಹೋದ ರೆಂಡರ್‌ಗೆ ಏನೂ ವ್ಯತ್ಯಾಸ ಕಾಣಲ್ಲ.

ಇನ್‌ಸ್ಟಾಲ್ ಮಾಡೋ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಪರ್ಫಾರ್ಮೆನ್ಸ್ ಟ್ಯಾಬ್ ನೋಡಿ. ಸಿಪಿಯು ಆರಾಮಾಗಿದ್ದು, ಮೆಮೊರಿ ತುಂಬಿ ಡಿಸ್ಕ್ ಬಳಕೆ ಶೇ. 100ರಲ್ಲೇ ನಿಂತಿದ್ರೆ ಅದಕ್ಕೂ ಪ್ರಯಾರಿಟಿಗೂ ಸಂಬಂಧ ಇಲ್ಲ. ಆಗ ರ‍್ಯಾಮ್ ಹೆಚ್ಚಿಸಿ, ಹಳೇ ಹಾರ್ಡ್ ಡಿಸ್ಕ್ ಇದ್ರೆ ಎಸ್‌ಎಸ್‌ಡಿ ಹಾಕಿಸಿ.