ಎಫ್‌ಪಿಜಿಎ ಕಲಿಸುತ್ತೇವೆ ಅಂತ ಫೋನ್ ಬಂದರೆ ಸ್ವಲ್ಪ ತಡೀರಿ

ಇದನ್ನು ಬರೆಯೋಕೆ ನನಗೆ ಎರಡು ತಿಂಗಳು ಬೇಕಾಯಿತು. ಕೋಪಕ್ಕಿಂತ ನಾಚಿಕೆ ಜಾಸ್ತಿ. ನಾನು ಇಸಿ (ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್) ಓದಿದವನು, ಪೀಣ್ಯದಲ್ಲಿ ಬೋರ್ಡ್ ಟೆಸ್ಟಿಂಗ್ ಕೆಲಸ. ಊರಲ್ಲಿ ಯಾರಾದರೂ ಲಿಂಕ್ ಒತ್ತಿ ದುಡ್ಡು ಕಳೆದುಕೊಂಡರೆ "ಅಷ್ಟೂ ಗೊತ್ತಾಗಲ್ವಾ" ಅಂತ ಬೈಯುತ್ತಿದ್ದವನು ನಾನೇ.

ಆರ್‌ಟಿಎಲ್ ಕಡೆ, ಅಂದರೆ ಕೋಡು ಬರೆದು ಚಿಪ್ಪಿನ ಸರ್ಕ್ಯೂಟ್ ವಿನ್ಯಾಸ ಮಾಡುವ ಕೆಲಸಕ್ಕೆ, ಹೋಗಬೇಕು ಅನ್ನೋ ಆಸೆ ಮೊದಲಿನಿಂದ ಇತ್ತು. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಕೋಡು ಬರೆದು ನಾವೇ ಬದಲಿಸಬಹುದಾದ ಚಿಪ್ಪು) ಕಲಿಸುವ ಆನ್‌ಲೈನ್ ಕೋರ್ಸಿನ ಒಂದು ಜಾಹೀರಾತಿಗೆ ನಂಬರ್ ಕೊಟ್ಟೆ. ಹತ್ತು ನಿಮಿಷಕ್ಕೆ ಫೋನ್. ಮೇಡಂ ಅಚ್ಚ ಕನ್ನಡ. "ನಾನೂ ಹಾಸನದ ಕಡೆಯವಳೇ ಸರ್, ನಿಮ್ಮದು ಅರಸೀಕೆರೆನಾ? ನಮ್ಮ ದೊಡ್ಡಮ್ಮನ ಮನೆ ಅಲ್ಲೇ!" ಅಲ್ಲಿಗೆ ನನ್ನ ಕಥೆ ಮುಗಿಯಿತು. ಲೈವ್ ಕ್ಲಾಸು, ಮನೆಗೆ ಎಫ್‌ಪಿಜಿಎ ಕಿಟ್ಟು, ಇಂಟರ್‌ವ್ಯೂ ಗ್ಯಾರಂಟಿ. 42,000 ರೂಪಾಯಿ, ತಿಂಗಳಿಗೆ 3,500ರಂತೆ 12 ಕಂತು. ಕಂತು ಅಂದರೆ ಅವರಿಗೇ ಕಟ್ಟುವುದು ಅಂದುಕೊಂಡೆ. ಅಲ್ಲ. ಓಟಿಪಿ ಹೇಳಿ ಸರ್ ಅಂದರು, ಹೇಳಿದೆ. ಒಂದು ಸಾಲದ ಆ್ಯಪಿನಲ್ಲಿ ನನ್ನ ಹೆಸರಿಗೆ 42,000 ಸಾಲ ಆಗಿತ್ತು. ಪೂರ್ತಿ ದುಡ್ಡು ಅವರಿಗೆ ಅವತ್ತೇ ಹೋಯಿತು. ನಾನು ಬಾಕಿದಾರ.

ಕ್ಲಾಸು ಶುರುವಾಗಿದ್ದು ಒಂಬತ್ತನೇ ದಿನ. ಈ ಒಂಬತ್ತು ನೆನಪಿಟ್ಟುಕೊಳ್ಳಿ.

ಮೊದಲ ವಾರ ಪರವಾಗಿಲ್ಲ. ಗೇಟು, ಮಕ್ಸು, ಫ್ಲಿಪ್-ಫ್ಲಾಪು (0 ಅಥವಾ 1 ನೆನಪಿಟ್ಟುಕೊಳ್ಳುವ ಪುಟ್ಟ ಸರ್ಕ್ಯೂಟು), ಕಾಲೇಜಿನದೇ ಪಾಠ. ಎರಡನೇ ವಾರ ವೆರಿಲಾಗ್‌ನಲ್ಲಿ, ಅಂದರೆ ಸರ್ಕ್ಯೂಟ್ ಬರೆಯುವ ಭಾಷೆಯಲ್ಲಿ, ಬ್ಲಾಕಿಂಗ್ (ಬೆಲೆಗಳು ಒಂದಾದ ಮೇಲೊಂದು ಬದಲಾಗುವುದು), ನಾನ್-ಬ್ಲಾಕಿಂಗ್ (ಎಲ್ಲ ಒಟ್ಟಿಗೆ ಬದಲಾಗುವುದು) ಬಂತು. ನಾನು ಚಾಟಿನಲ್ಲಿ ಕೇಳಿದೆ: ಒಂದೇ ಕ್ಲಾಕಿಗೆ (ಚಿಪ್ಪಿನ ತಾಳದ ಒಂದು ಮಿಡಿತಕ್ಕೆ) ಎರಡು ರಿಜಿಸ್ಟರ್ ಅದಲು ಬದಲು ಆಗಬೇಕಾದರೆ ಬ್ಲಾಕಿಂಗ್ ಹಾಕಿದರೆ ಯಾಕೆ ಕೆಡುತ್ತೆ? ಮೇಷ್ಟ್ರು "ವೆರಿ ಗುಡ್ ಕ್ವೆಶ್ಚನ್" ಅಂದರು. ಖುಷಿ ಆಯಿತು. ಆಮೇಲೆ ಟೆಸ್ಟ್‌ಬೆಂಚಿನ (ಬರೆದ ಸರ್ಕ್ಯೂಟನ್ನು ಪರೀಕ್ಷಿಸುವ ಕೋಡು) ಬಗ್ಗೆ ಉತ್ತರ ಕೊಟ್ಟರು. ನಾನು ಟೆಸ್ಟ್‌ಬೆಂಚ್ ಕೇಳೇ ಇಲ್ಲ! ತಪ್ಪು ಕೇಳಿಸಿಕೊಂಡಿರಬೇಕು ಅಂತ ಮತ್ತೆ ಬರೆದೆ. ಉತ್ತರ ಇಲ್ಲ. ಸುಮ್ನೆ ಪರದೆ ನೋಡುತ್ತಾ ಕೂತಿದ್ದೆ. ಅವರ ಕಂಪ್ಯೂಟರಿನ ಪರದೆ, ಬಲಗಡೆ ಕೆಳಗೆ ಮೂಲೆಯಲ್ಲಿ ಗಡಿಯಾರ. ನನ್ನ ಮೊಬೈಲಿನಲ್ಲಿ ರಾತ್ರಿ 8:20. ಅಲ್ಲಿ ಬೆಳಗ್ಗೆ 11:42. ಕೆಳಗೆ ತಾರೀಕು, 2018ನೇ ಇಸವಿ.

2018! "ಲೈವ್" ಅಂತ ಕೆಂಪು ಚುಕ್ಕಿ ಮಾತ್ರ ಮಿಣಕ್ ಮಿಣಕ್ ಅನ್ನುತ್ತಿತ್ತು. ಯಾವತ್ತೋ ಯಾರೋ ಕೇಳಿದ ಪ್ರಶ್ನೆಗೆ ಅವರು "ವೆರಿ ಗುಡ್" ಅಂದಿದ್ದು. ನಾನಿಲ್ಲಿ ನೋಟ್ಸ್ ಬರೆದುಕೊಂಡು ತಲೆ ಆಡಿಸುತ್ತಿದ್ದೆ. ಆ ತಲೆ ಆಡಿಸಿದ್ದು ನೆನಪಾದರೆ ಈಗಲೂ ಮೈ ಉರಿಯುತ್ತೆ.

ಆ ರಾತ್ರಿಯೇ ಮೇಡಂಗೆ ಮೆಸೇಜ್ ಹಾಕಿದೆ. "ಸರ್, ಅದು ಸೆಮಿ-ಲೈವ್." ಸೆಮಿ-ಲೈವ್ ಅಂದರೇನು? ಅರ್ಧ ಜೀವ ಇರೋದಾ? ದುಡ್ಡು ವಾಪಸ್ ಕೊಡಿ ಅಂದೆ. "ರೀಫಂಡು ಏಳು ದಿನದೊಳಗೆ ಮಾತ್ರ ಸರ್, ದುಡ್ಡು ಕಟ್ಟಿದ ದಿನದಿಂದ." ಕ್ಲಾಸು ಶುರುವಾಗಿದ್ದೇ ಒಂಬತ್ತನೇ ದಿನ ಅಲ್ವಾ ಮೇಡಂ? ಅದಕ್ಕೆ ಕೈ ಮುಗಿಯುವ ಇಮೋಜಿ. ಮಾರನೇ ದಿನದಿಂದ ಹಾಸನದ ಕನ್ನಡ ಹೋಯಿತು, "ಡಿಯರ್ ಲರ್ನರ್" ಅಂತ ಇಂಗ್ಲಿಷು ಬಂತು. ದೊಡ್ಡಮ್ಮನ ಮನೆ ಅರಸೀಕೆರೆಯಲ್ಲಿ ಇತ್ತೋ ಇಲ್ಲವೋ, ದೇವರಿಗೇ ಗೊತ್ತು.

ಕಿಟ್ಟಿನ ಕಥೆ ಇನ್ನೊಂದು. ವಿಡಿಯೋದಲ್ಲಿ ಪಾಠ ಬೇಸಿಸ್ 3 ಬೋರ್ಡಿನ ಮೇಲೆ, ಆರ್ಟಿಕ್ಸ್-7 ಚಿಪ್ಪು, ವಿವಾಡೋ ಸಾಫ್ಟ್‌ವೇರು. ನನಗೆ ಬಂದಿದ್ದು ಸ್ಪಾರ್ಟನ್-6 ಚಿಪ್ಪಿನ ಬೋರ್ಡು. ಪಿನ್ನು ಒಂದು ಬಾಗಿತ್ತು, ಯುಎಸ್‌ಬಿ ಕೇಬಲ್ಲೇ ಇಲ್ಲ. ರಾತ್ರಿಯಿಡೀ ವಿವಾಡೋ ಡೌನ್‌ಲೋಡ್ ಮಾಡಿ, ಪ್ರಾಜೆಕ್ಟ್ ತೆರೆದು ಚಿಪ್ಪುಗಳ ಪಟ್ಟಿಯಲ್ಲಿ ಹುಡುಕಿದೆ. ಸ್ಪಾರ್ಟನ್-7 ಇದೆ, 6 ಇಲ್ಲ. ಇರೋದೂ ಇಲ್ಲ! ವಿವಾಡೋ ನಡೆಯುವುದು 7-ಸರಣಿಯ ಚಿಪ್ಪುಗಳಿಂದ ಮೇಲೆ ಮಾತ್ರ. ಸ್ಪಾರ್ಟನ್-6ಕ್ಕೆ ಹಳೇ ಐಎಸ್‌ಇ ಸಾಫ್ಟ್‌ವೇರು ಬೇಕು. ಅದರ ಕೊನೆಯ ಆವೃತ್ತಿ 14.7 ಬಂದಿದ್ದು 2013ರಲ್ಲಿ. ಈ ಪಾಠಕ್ಕೂ ಈ ಬೋರ್ಡಿಗೂ ಸಂಬಂಧವೇ ಇಲ್ಲ. ಅದನ್ನು ಹೇಳಿದರೆ ಉತ್ತರ: "ಎರಡೂ ಒಂದೇ ಕಂಪನಿ ಚಿಪ್ಪು ಸರ್, ಕಾನ್ಸೆಪ್ಟ್ ಸೇಮ್." ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿ, ಬಂಕು ಒಂದೇ ಅಂದ ಹಾಗಾಯಿತು.

ಗ್ಯಾರಂಟಿ ಇಂಟರ್‌ವ್ಯೂ ಒಂದು ಆಯಿತು ಅನ್ನಿ. ಎಲ್ಲರಿಗೂ ಒಂದೇ ಪ್ರಾಜೆಕ್ಟು, ಟ್ರಾಫಿಕ್ ಲೈಟ್ ಕಂಟ್ರೋಲರ್, ಜಿಪ್ ಫೈಲಿನಲ್ಲಿ ಕೊಟ್ಟಿದ್ದು. ಎದುರಿಗಿದ್ದವರು ರೆಸ್ಯೂಮೆ ನೋಡಿ ನಕ್ಕರು. "ಈ ವಾರ ಇದು ನಾಲ್ಕನೇ ಟ್ರಾಫಿಕ್ ಲೈಟು." ಬೇರೆ ಕ್ಲಾಕಿನಿಂದ ಬರುವ ಸಿಗ್ನಲ್ಲನ್ನು ನೇರವಾಗಿ ತಗೊಂಡರೆ ಏನಾಗುತ್ತೆ ಅಂತ ಕೇಳಿದರು. ಫ್ಲಿಪ್-ಫ್ಲಾಪು 0ಯೂ ಅಲ್ಲದ 1ಯೂ ಅಲ್ಲದ ಸ್ಥಿತಿಗೆ ಸಿಕ್ಕಿಕೊಳ್ಳಬಹುದು, ಅದಕ್ಕೇ ಎರಡು ಫ್ಲಾಪು ಸಾಲಾಗಿ ಹಾಕುತ್ತಾರೆ. ಈಗ ಗೊತ್ತು. ಅವತ್ತು ಬೆವರು ಒರೆಸಿಕೊಂಡೆ. 42,000ದ ಕೋರ್ಸಿನಲ್ಲಿ ಆ ಮಾತೇ ಬಂದಿರಲಿಲ್ಲ.

ಅದನ್ನೆಲ್ಲ ಕಲಿತದ್ದು ಆಮೇಲೆ, ಪುಕ್ಕಟೆ. ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳ ಪಾಠ ಪುಕ್ಕಟೆ ಸಿಗುವ ತಾಣ) ಐಐಟಿ ಖರಗಪುರದವರ ವೆರಿಲಾಗ್ ಪಾಠ ಇದೆ. ಎಚ್‌ಡಿಎಲ್‌ಬಿಟ್ಸ್ ಅನ್ನೋ ತಾಣದಲ್ಲಿ ಬ್ರೌಸರಿನಲ್ಲೇ ವೆರಿಲಾಗ್ ಲೆಕ್ಕ ಬಿಡಿಸಬಹುದು. ವಿವಾಡೋದ ಸ್ಟ್ಯಾಂಡರ್ಡ್ ಆವೃತ್ತಿಗೂ ನಾನು ದುಡ್ಡು ಕೊಡಬೇಕಾಗಿರಲಿಲ್ಲ. ಟ್ಯಾಂಗ್ ನ್ಯಾನೋ 9ಕೆ ಅನ್ನೋ ಪುಟ್ಟ ಬೋರ್ಡು ನನ್ನ ಒಂದು ಕಂತಿಗಿಂತ ಕಡಿಮೆಗೆ ಸಿಕ್ಕಿತು, ಅದರಲ್ಲಿ 8,640 ಲಟ್ (ಸರ್ಕ್ಯೂಟ್ ಕಟ್ಟುವ ಪುಟ್ಟ ಲಾಜಿಕ್ ತುಣುಕು) ಇವೆ. ನಾನೇ ಬರೆದ ಕೋಡಿಗೆ ಅದರ ಎಲ್‌ಇಡಿ ಮಿಣುಕಿದಾಗ ರಾತ್ರಿ ಒಂದು ಗಂಟೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಇದಕ್ಕಾ 42,000?" ಅಂದಳು. ಇದಕ್ಕಲ್ಲ ಕಣೇ ಅಂತ ವಿವರಿಸುವ ಮುಖ ನನಗಿರಲಿಲ್ಲ.

ಕೋರ್ಸೇ ಬೇಕು ಅಂದರೆ ಒಂದು ಕ್ಲಾಸು ಬಿಟ್ಟಿ ಕೂರಿಸಿ ಅನ್ನಿ, ಮೂಲೆಯ ಗಡಿಯಾರ ನೋಡಿ. ಬೋರ್ಡಿನ ಚಿಪ್ ನಂಬರ್ ಬರವಣಿಗೆಯಲ್ಲಿ ಕೇಳಿ. ಫೋನಿನಲ್ಲಿ ಓಟಿಪಿ ಕೊಡಲೇಬೇಡಿ. ಸಾಲ ಆಗಿಬಿಟ್ಟರೆ ಕೂಲಿಂಗ್ ಆಫ್ ಅವಧಿ ಅಂತ ಒಂದಿರುತ್ತೆ, ಆರ್‌ಬಿಐ ನಿಯಮ, ಅಷ್ಟರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ನನಗೆ ಗೊತ್ತಾಗುವಷ್ಟರಲ್ಲಿ ಅದು ಮುಗಿದಿತ್ತು. 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಕೊಟ್ಟ ಮೇಲೆ ಮೇಡಂಗೆ ಮತ್ತೆ ಕನ್ನಡ ಬಂದಿದೆ: "ಯಾಕ್ ಸರ್ ಹೀಗ್ ಮಾಡಿದ್ರಿ?"

ಇವತ್ತು 5ನೇ ತಾರೀಕು. ಬೆಳಗ್ಗೆಯೇ ಬ್ಯಾಂಕಿನ ಮೆಸೇಜ್ ಬಂತು, 3,500 ಕಟ್. ಇನ್ನೂ ಏಳು ಕಂತು ಬಾಕಿ.