ಎಂಜಿನ್ ಲೈಟ್ ಅಳಿಸಿ ಕಳಿಸುವ ಗ್ಯಾರೇಜ್‌ನವರ ಬಗ್ಗೆ ಎಚ್ಚರ

ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್ ಬಂದಾಗ ಸ್ಕ್ಯಾನರ್ ಹಾಕಿ, ಲೈಟ್ ಅಳಿಸಿ, "ಸೆನ್ಸರ್ ಅಷ್ಟೇ ಸರ್, ಸರಿಹೋಯ್ತು" ಅಂತ ಕಳಿಸುವವರಿದ್ದಾರೆ. ದಯವಿಟ್ಟು ನಂಬಬೇಡಿ. ಅಳಿಸುವುದು ರಿಪೇರಿ ಅಲ್ಲ.

ನಮ್ಮದು ಪೆಟ್ರೋಲ್ ಕಾರು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತಿತ್ತು, ಲೈಟೂ ಬಂತು. ಮನೆ ಹತ್ತಿರದ ಗ್ಯಾರೇಜ್‌ನಲ್ಲಿ ಅಳಿಸಿದರು. ಸ್ಕ್ಯಾನರ್‌ನಲ್ಲಿ ಯಾವ ದೋಷದ ಕೋಡ್ ಬಂದಿತ್ತು ಅಂತ ಕೇಳಿದರೆ "ಅದೆಲ್ಲ ನಿಮಗ್ಯಾಕೆ ಸರ್" ಅಂದರು. ವಾರದೊಳಗೆ ಲೈಟ್ ಮತ್ತೆ ಬಂತು. ಈ ಸಲ ಆಕ್ಸಿಜನ್ ಸೆನ್ಸರ್ ಬದಲಿಸಿ ದುಡ್ಡು ತಗೊಂಡರು.

ಆಮೇಲೆ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಗಾಡಿ ಎಳೆಯಲೇ ಇಲ್ಲ. ಲೈಟ್ ಬ್ಲಿಂಕ್ ಆಗತೊಡಗಿತು. ಲೈಟ್ ಒಂದೇ ಸಮ ಉರಿಯುವುದೇ ಬೇರೆ, ಬ್ಲಿಂಕ್ ಆಗುವುದೇ ಬೇರೆ. ಬ್ಲಿಂಕ್ ಆದರೆ ಮಿಸ್‌ಫೈರ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು, ಜೋರಾಗಿದೆ ಅಂತ. ಹಾಗೆ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಗಾಡಿ ಪಕ್ಕಕ್ಕೆ ಹಾಕಿ, ಟೋ ಮಾಡಿಸಿ ಉಜಿರೆಗೆ ಇಳಿಸಿದೆವು.

ಅಲ್ಲಿನ ಮೆಕ್ಯಾನಿಕ್ ಸ್ಕ್ಯಾನರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಪಿ0303. ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಕೋಡ್ ಚೀಟಿಯಲ್ಲಿ ಬರೆದುಕೊಂಡು, ಮೂರನೆಯದರ ಇಗ್ನಿಷನ್ ಕಾಯಿಲ್ (ಕಿಡಿ ಹೊತ್ತಿಸಲು ಕರೆಂಟ್ ಕೊಡುವ ಪಾರ್ಟ್) ಬಿಚ್ಚಿ ಎರಡನೆಯದಕ್ಕೆ ಹಾಕಿದರು, ಅದರದ್ದನ್ನು ಇದಕ್ಕೆ. ಈಗ ಪಿ0302 ಬಂತು, ಕಾಯಿಲ್ ಜೊತೆಗೇ ಮಿಸ್‌ಫೈರ್ ಎರಡನೇ ಸಿಲಿಂಡರ್‌ಗೆ ಹೋಗಿತ್ತು! ಹೊಸ ಪಾರ್ಟ್ ಒಂದೂ ಹಾಕದೆ, ಕಾಯಿಲ್ ಹೋಗಿರುವುದು ಗೊತ್ತಾಯಿತು. ಬದಲಿಸಿದ ಮೇಲೆ ನಡುಕ ನಿಂತಿತು. ಆದರೆ ಕೆಲವೇ ದಿನಕ್ಕೆ ಪಿ0420 ಬಂತು, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಕನ್ವರ್ಟರ್ ಒಳಗೇ ಕರಗಿತ್ತು. ಕಾಯಿಲ್‌ಗಿಂತ ಹತ್ತು ಪಟ್ಟು ಜಾಸ್ತಿ ದುಡ್ಡು ಅದಕ್ಕೆ ಹೋಯಿತು. ಮೊದಲ ದಿನವೇ ಕಾಯಿಲ್ ನೋಡಿದ್ದರೆ ಇದು ಉಳಿಯುತ್ತಿತ್ತು ಅಲ್ವಾ?

ಕೋಡ್ ಅಳಿಸಿದಾಗ, ದೋಷ ಕಂಡ ಹೊತ್ತಿನ ಆರ್‌ಪಿಎಂ, ವೇಗ, ಎಂಜಿನ್ ಬಿಸಿಯ ದಾಖಲೆಯೂ ಹೋಗಿಬಿಡುತ್ತದೆ. ಮುಂದಿನ ಮೆಕ್ಯಾನಿಕ್ ಕತ್ತಲಲ್ಲಿ ಹುಡುಕಬೇಕು. ಹಾಗಾಗಿ ಅಳಿಸುವ ಮೊದಲೇ ಸ್ಕ್ಯಾನರ್ ಪರದೆಯ ಫೋಟೋ ತೆಗೆಯಿರಿ. ಕೋಡ್ ಬಂದ ತಕ್ಷಣ ಪಾರ್ಟ್ ಬದಲಿಸಲೂ ಒಪ್ಪಬೇಡಿ. ಪಿ0171 (ಪೆಟ್ರೋಲ್‌ಗೆ ಹೋಲಿಸಿದರೆ ಗಾಳಿ ಜಾಸ್ತಿ) ಬಂದರೆ ಗಾಳಿ ಪೈಪ್ ಬಿರುಕು ಬಿಟ್ಟಿರಬಹುದು, ಏರ್‌ಫ್ಲೋ ಸೆನ್ಸರ್ ಬರೀ ಕೊಳೆಯಾಗಿರಬಹುದು. ಮಳೆಗಾಲದಲ್ಲಿ ಇಲಿ ವೈರ್ ಕಡಿಯುವುದು ನಮ್ಮಲ್ಲಿ ಮಾಮೂಲು, ಬಾನೆಟ್ ತೆಗೆದು ನೋಡಿ.

ಮತ್ತೆ, ಕೆಂಪು ಬಣ್ಣದ ಎಣ್ಣೆ ಡಬ್ಬಿ ಗುರುತು ಬಂದರೆ ಗ್ಯಾರೇಜ್‌ವರೆಗೂ ಓಡಿಸಲೇಬೇಡಿ. ಅದು ಆಯಿಲ್ ಪ್ರೆಷರ್ ಬಿದ್ದಿದೆ ಅಂತ. ರಸ್ತೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.